ಇಂದಿರಾನಗರದಲ್ಲಿ ನಾಲ್ಕು ಗ್ಲಾಸು

ವಿಲನ್ನನ ಅಡ್ಡೆ ಹೇಗಿರುತ್ತೆ ಅಂತ ನಿಮಗೆ ಹೇಳಿಕೊಡಬೇಕೆ? ಮೇಜಿನ ಮೇಲೆ ಸಾಲು ಬಾಟಲಿ, ವಜ್ರಮುನಿಯವರ ಕೈಯಲ್ಲೊಂದು ಗ್ಲಾಸು, ಮೇಲೊಂದು ಗಹಗಹಿಸುವ ನಗು! ಟೀವಿಯಲ್ಲಿ ಹಳೇ ಪಿಕ್ಚರ್ ನೋಡುತ್ತಾ ಬೆಳೆದ ನನಗೆ ಕುಡಿತ ಎಂದರೆ ಕಣ್ಣ ಮುಂದೆ ಬರಬೇಕಾಗಿದ್ದದ್ದು ಅದೇ ಸೀನು. ಆದರೆ ನಮ್ಮ ಮನೆಯಲ್ಲಿ ಗ್ಲಾಸು ಹಿಡಿದವರು ವಿಲನ್ ಅಲ್ಲ, ನಮ್ಮಪ್ಪ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಆಗ ನನಗೆ ಹತ್ತು ವರ್ಷ. ಮದ್ದೂರು ಕಡೆಯ ನಮ್ಮೂರಿನಲ್ಲಿ ಹೆಂಗಸರು ಸಂತೋಷಪಟ್ಟರು. ಅಪ್ಪ ಮಾತ್ರ ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದರು, ಅಷ್ಟೇ ವ್ಯತ್ಯಾಸ. ನಾನು ಪಿಯುಸಿಗೆ ದೊಡ್ಡ ನಮಸ್ಕಾರ ಹಾಕಿ ಬೆಂಗಳೂರಿನ ಬಸ್ ಹತ್ತಿದ ವರ್ಷ ಅವರು ತೀರಿಕೊಂಡರು.

ಇಂಥವನಿಗೆ ಬೀರಿನ ರುಚಿ ನೋಡುವ ಖಯಾಲಿ ಹೇಗೆ ಬಂತು ಎನ್ನುತ್ತೀರಾ? ಬನ್ನಿ, ಜೊತೆಗೇ ಹೋಗೋಣ.

ಪ್ಲಾಜಾದಿಂದ ಪ್ರಯಾಣ

ನಾನು ಪ್ರತಿ ಸಲ ರೈಲು ಹತ್ತುವುದು ಎಂ.ಜಿ. ರಸ್ತೆಯಲ್ಲಿ. 1936ರಲ್ಲಿ ಶುರುವಾದ ಪ್ಲಾಜಾ ಟಾಕೀಸ್ ಇದ್ದ ಜಾಗ ಅದು. ಅಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿದವರು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಮೊದಲ ಸಲ ಓಡಿದ್ದು ಇಲ್ಲಿಂದ ಬೈಯಪ್ಪನಹಳ್ಳಿಗೆ. ಎರಡು ಸ್ಟೇಷನ್ ಕಳೆದು ಮೂರನೆಯದೇ ಇಂದಿರಾನಗರ. ಇಳಿದು ನೂರಡಿ ರಸ್ತೆ ಹಿಡಿದರೆ ಟಾಯ್ಟ್ ಸಿಗುತ್ತದೆ. 2010ರಲ್ಲಿ ಬಾಗಿಲು ತೆರೆದ ಮೈಕ್ರೋ ಬ್ರೂವರಿ. ಅಂದರೆ ಬೀರನ್ನು ಅಲ್ಲೇ ಕಾಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಬಗ್ಗಿಸಿ ಕೊಡುವ ಜಾಗ.

ಬೆಂಗಳೂರಿಗೆ ಬೀರು ಹೊಸದೇನಲ್ಲ ಸ್ವಾಮಿ. ದಂಡಿನ ಬಿಳಿ ಸಿಪಾಯಿಗಳಿಗೆ ಪೀಪಾಯಿಗಟ್ಟಲೆ ಬೀರು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಾಲವಿತ್ತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬಾತ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರ್ ಆದವರು ನಮ್ಮ ವಿಠಲ್ ಮಲ್ಯ. ಹೊಸತು ಏನೆಂದರೆ, ಒಂದೇ ಕಂಪನಿಯ ಒಂದೇ ರುಚಿ ಬಿಟ್ಟು, ಬಗೆಬಗೆಯ ಬೀರನ್ನು ಸಣ್ಣ ಗ್ಲಾಸಿನಲ್ಲಿ ರುಚಿ ನೋಡುವ ಈ ಪದ್ಧತಿ.

ಅವ್ವನ ರಾಗಿ, ಇವರ ಬಾರ್ಲಿ

ಮೊನ್ನೆ ಶನಿವಾರ ಜೊತೆಗಿದ್ದವನು ಊರಿನ ಗೆಳೆಯ. ನಾನು ರೈಲಿನಲ್ಲಿ ಹೋದೆ, ಅವನು ಬೈಕಿನಲ್ಲಿ ಬಂದ. ಶನಿವಾರದ ಸಂಜೆ ಅಲ್ಲಿ ಹೊಸ ಪಿಕ್ಚರಿನ ಮೊದಲ ದಿನದ ನೂಕುನುಗ್ಗಲು! ಅಂತೂ ಮೂಲೆಯಲ್ಲಿ ಎರಡು ಸ್ಟೂಲು ಸಿಕ್ಕವು.

ಮೊದಲ ಗ್ಲಾಸು ಬಾಸ್ಮತಿ ಬ್ಲಾಂಡ್. ಹೆಸರೇ ಹೇಳುವಂತೆ ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ್ದು. ಹೊಂಬಣ್ಣ, ನಾಲಗೆಗೆ ಹಗುರ. ಎರಡನೆಯದು ಗೋಧಿಯ ವೈಸ್. ಮೂಗಿಗೆ ಹಿಡಿದರೆ ಬಾಳೆಹಣ್ಣು, ಹಿಂದೆಯೇ ಲವಂಗ! ತಮಾಷೆ ಎಂದರೆ ಅದರಲ್ಲಿ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಆ ವಾಸನೆ ಹುಟ್ಟಿಸುವುದು ಯೀಸ್ಟ್. ಮೂರನೆಯದು ಟಿಂಟಿನ್. ಬೆಲ್ಜಿಯಂ ದೇಶದ ವಿಟ್ ಬೀರಿನ ಜಾತಿ. ಈ ಜಾತಿಗೆ ಹಾಕುವುದು ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಯ ಡಬ್ಬಿಯಿಂದ ಎದ್ದು ಹೋದಂಥ ಸಾಮಾನು! ನಾಲ್ಕನೆಯದು ಡಾರ್ಕ್ ನೈಟ್. 2008ರ ಬ್ಯಾಟ್‌ಮನ್ ಚಿತ್ರದ ಹೆಸರೇ. ಬಣ್ಣ ಕಪ್ಪು, ರುಚಿಯಲ್ಲಿ ಕಾಫಿಯ ಒಗರು. ಕಾಳನ್ನು ಚೆನ್ನಾಗಿ ಹುರಿದರೆ ಬರುವ ಗುಣ ಅದು.

ಇದನ್ನೆಲ್ಲ ತಿಳಿದುಕೊಂಡ ಮೇಲೆಯೇ ನನ್ನ ಭಯ ಸ್ವಲ್ಪ ಇಳಿದದ್ದು. ಬಾರ್ಲಿಯನ್ನು ನೆನೆಸುತ್ತಾರೆ, ಮೊಳಕೆ ಬರಿಸುತ್ತಾರೆ, ಒಣಗಿಸುತ್ತಾರೆ. ಅರೆ, ಕೂಸಿಗೆ ಸರಿ ಮಾಡಲು ಅವ್ವ ರಾಗಿಗೆ ಮಾಡುತ್ತಿದ್ದದ್ದೂ ಇದೇ ಅಲ್ಲವೇ! ಮೊಳಕೆ ಬಂದ ಕಾಳನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿಟ್ಟರೆ ಅದರ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಹೂವಿನ ಜೊತೆ ಕುದಿಸಿದರೆ ಕಹಿ ಬರುತ್ತದೆ. ತಣ್ಣಗೆ ಮಾಡಿ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಮತ್ತನ್ನೂ ಗುಳ್ಳೆಯನ್ನೂ ಬಿಡುತ್ತದೆ. ಇಷ್ಟೇ ಗುಟ್ಟು.

ನಾಲ್ಕು ಸಣ್ಣ ಗ್ಲಾಸು, ನಿಧಾನವಾಗಿ, ಒಂದು ತಟ್ಟೆ ತಿಂಡಿಯ ಜೊತೆ. ಇದು ನನ್ನ ಕಾನೂನು. ಅಪ್ಪ ಯಾವತ್ತೂ ರುಚಿ ನೋಡಿದವರಲ್ಲ. ಮೂಗು ಮುಚ್ಚಿ ಒಂದೇ ಗುಟುಕಿಗೆ ಎತ್ತುತ್ತಿದ್ದರು.

ಇಂಟರ್‌ವಲ್ ನಂತರ

ಗೆಳೆಯನಿಗೆ ನನ್ನ ಕಾನೂನು ಹಿಡಿಸಲಿಲ್ಲ.

"ಮಗಾ, ಇದೇನು ಹೋಮಿಯೋಪತಿ ಔಷಧಿನಾ? ಒಂದು ಜಗ್ ಹೇಳು. ಬೀರ್ ತಾನೇ, ಏನೂ ಆಗಲ್ಲ" ಅಂದ. ನಾನು ಬೇಡವೆನ್ನುವಷ್ಟರಲ್ಲಿ ಒಂದೂವರೆ ಲೀಟರಿನಷ್ಟು ಬೀರು ಮೇಜಿನ ಮೇಲೆ ಬಂದು ಕೂತಿತು. ನಾನು ಮುಟ್ಟಲಿಲ್ಲ. ಅವನೊಬ್ಬನೇ ಖಾಲಿ ಮಾಡಿದ.

ನಾನು ಸುಮ್ಮನೆ ಲೆಕ್ಕ ಹಾಕುತ್ತಿದ್ದೆ. ವಿಸ್ಕಿಯ ಕ್ವಾರ್ಟರ್ ಎಂದರೆ 180 ಮಿಲಿ. ಅದರಲ್ಲಿ ನೂರಕ್ಕೆ 42.8 ಪಾಲು ಆಲ್ಕೋಹಾಲ್. ನೂರಕ್ಕೆ 5 ಪಾಲಿನ ಬೀರಿನಲ್ಲಿ ಅಷ್ಟೇ ಆಲ್ಕೋಹಾಲ್ ಸಿಗಬೇಕಾದರೆ ಎಷ್ಟು ಕುಡಿಯಬೇಕು? ಹೆಚ್ಚುಕಡಿಮೆ ಒಂದೂವರೆ ಲೀಟರ್! ನನ್ನೆದುರು ಖಾಲಿಯಾದದ್ದು ಅಪ್ಪನ ಕ್ವಾರ್ಟರ್. ಗ್ಲಾಸು ಚೆಂದ, ದೀಪ ಚೆಂದ, ಜಾಗ ಚೆಂದ. ಲೆಕ್ಕ ಮಾತ್ರ ಅದೇ.

ಹೊರಗೆ ಬಂದು ಅವನು ಬೈಕಿಗೆ ಕೀ ಹಾಕಿದ. ನಾನು ಕಿತ್ತುಕೊಂಡೆ.

"ಕೊಡು ಗುರು, ನಾನು ಸ್ಟೆಡಿ ಇದೀನಿ."

"100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು. 2019ರಿಂದ ಮೊದಲ ಸಲ ಸಿಕ್ಕಿಬಿದ್ರೇ ಹತ್ತು ಸಾವಿರದವರೆಗೂ ದಂಡ."

"ಪೊಲೀಸು ಇರೋ ರೋಡು ಬಿಟ್ಟು ಹೋದ್ರಾಯ್ತು."

"ನಮ್ಮಪ್ಪನೂ ಹಿಂಗೇ ಹೇಳ್ತಿದ್ರು" ಅಂದೆ.

ಅವನು ಮುಖ ಊದಿಸಿಕೊಂಡ. ಹತ್ತು ನಿಮಿಷ ಫುಟ್‌ಪಾತಿನ ಮೇಲೆ ಕೂತ. ಆಮೇಲೆ ಮಾತಿಲ್ಲದೆ ನನ್ನ ಹಿಂದೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದ. ಪ್ಲಾಜಾ ಇದ್ದ ಜಾಗ ದಾಟುವಷ್ಟರಲ್ಲಿ ಅವನ ತಲೆ ನನ್ನ ಹೆಗಲ ಮೇಲಿತ್ತು. ಗೊರಕೆ ಬೇರೆ!

ಮೆಜೆಸ್ಟಿಕ್‌ನಲ್ಲಿ ಇಳಿದು ಅವನನ್ನು ಆಟೋ ಹತ್ತಿಸಿ, ರೂಮಿನ ಕಡೆ ಹೆಜ್ಜೆ ಹಾಕುವಾಗ ಅವ್ವನ ಫೋನು.

"ಉಂಡ್ಯಾ ಮಗ?"

"ಉಂಡೆ ಅವ್ವ."

"ದನಿ ಒಂಥರಾ ಐತಲ್ಲ. ಕುಡ್ದಿದ್ದೀಯಾ?"

ಇಷ್ಟು ವರ್ಷ ಈ ಪ್ರಶ್ನೆಗೆ ನನ್ನ ಹತ್ತಿರ ರೆಡಿ ಡೈಲಾಗ್ ಇರುತ್ತಿತ್ತು. ನೆಗಡಿ, ಟ್ರಾಫಿಕ್ಕು, ನಿದ್ದೆ. ಅವತ್ತು ಯಾವುದೂ ಬಾಯಿಗೆ ಬರಲಿಲ್ಲ.

"ಹೂಂ ಅವ್ವ. ನಾಲ್ಕು ಸಣ್ಣ ಗ್ಲಾಸು ಬೀರು."

ಆ ಕಡೆ ಸದ್ದಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

"ಗಾಡಿ ಓಡುಸ್ಕೊಂಡು ಬಂದ್ಯಾ?"

"ಇಲ್ಲವ್ವ, ರೈಲಲ್ಲಿ ಬಂದೆ."

ಮತ್ತೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿಮ್ಮಪ್ಪ ಒಂದಿನಾನೂ ಕುಡ್ದಿವ್ನಿ ಅಂತ ಒಪ್ಕಂಡಿರ್ಲಿಲ್ಲ" ಅಂದಳು ಅವ್ವ. ಫೋನ್ ಇಟ್ಟಳು.

ಬೈದಳೋ, ಬಿಟ್ಟಳೋ, ನನಗಿನ್ನೂ ಗೊತ್ತಾಗಿಲ್ಲ. ಬರುವ ವಾರ ಊರಿಗೆ ಹೋಗುತ್ತಿದ್ದೇನೆ.