ಸೂರ್ಯನ ಅಡಿಗೆಮನೆ

ಸೂರ್ಯನಿಗೆ ಅರ್ಘ್ಯ ಕೊಟ್ಟು ಕೈಮುಗಿಯುವ ಮನೆಗಳಲ್ಲಿಯೇ ಅವನಿಗೆ ಒಂದು ಚಾಕರಿಯೂ ಗೊತ್ತಾಗಿದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ—ಇವನ್ನೆಲ್ಲ ತಾರಸಿಯ ಮೇಲೆ ಒಣಗಿಸಿ ಕೊಡುವುದು ಅವನ ಪಾಲಿನ ಕೆಲಸ. ಸಂಬಳ ಕೇಳುವವನಲ್ಲ, ಮಳೆಗಾಲದಲ್ಲಿ ಮಾತ್ರ ಹೇಳದೆ ಕೇಳದೆ ರಜ ತೆಗೆದುಕೊಳ್ಳುತ್ತಾನೆ. ಇಂಥ ನಂಬಿಕೆಯ ಆಳನ್ನು ಮೇಲೆಯೇ ನಿಲ್ಲಿಸಿ, ಕೆಳಗೆ ಅಡಿಗೆಮನೆಯಲ್ಲಿ ಗೃಹಿಣಿಯು ಒಲೆಯ ಹೊಗೆಗೆ ಕಣ್ಣೊರಸಿಕೊಂಡದ್ದು ಎಷ್ಟೋ ತಲೆಮಾರುಗಳ ಕಥೆ. ಆ ಕಥೆಯನ್ನು ತಿರುವಿ ಬರೆದ ಲೇಖಕಿಯೊಬ್ಬರು ಬಂಗಾಳದಲ್ಲಿದ್ದರು. ಅವರೇ ಬೇಗಂ ರೊಕೆಯಾ.

ಈಗಿನ ಬಾಂಗ್ಲಾದೇಶದ ರಂಗಪುರ ಸೀಮೆಯಲ್ಲಿ 1880ರಲ್ಲಿ ಹುಟ್ಟಿದ ಈಕೆ ಬೆಳೆದದ್ದು ಕಟ್ಟುನಿಟ್ಟಾದ ಪರದೆಯ ಮರೆಯಲ್ಲಿ. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಸಲ್ಲದೆನ್ನುತ್ತಿದ್ದ ಮನೆಯಲ್ಲಿ, ಅಣ್ಣನಿಂದ ಗುಟ್ಟಾಗಿ ಅದನ್ನು ಕಲಿತರು. ಅದೇ ಭಾಷೆಯಲ್ಲಿ ‘ಸುಲ್ತಾನಳ ಕನಸು’ ಎಂಬ ಕಥೆಯನ್ನು ಬರೆದರು. 1905ರಲ್ಲಿ ಅದು ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಜೈಮಿನಿ ಭಾರತದ ಪ್ರಮೀಳೆಯನ್ನು ಬಲ್ಲ ಕನ್ನಡಿಗರಿಗೆ ಸ್ತ್ರೀರಾಜ್ಯವೇನೂ ಹೊಸದಲ್ಲ. ಆದರೆ ರೊಕೆಯಾ ಅವರ ಸ್ತ್ರೀರಾಜ್ಯದ ಸೊಗಸು ಇರುವುದು ಅಡಿಗೆಮನೆಯಲ್ಲಿ. ಅಲ್ಲಿ ಹೊಗೆಯಿಲ್ಲ, ಇದ್ದಿಲಿಲ್ಲ. ಸುತ್ತಲೂ ಕಾಯಿಪಲ್ಯದ ತೋಟ, ಕಿಟಕಿಗಳಲ್ಲಿ ಹೂವು. ಬೇಯಿಸುವವನು ಸಾಕ್ಷಾತ್ ಸೂರ್ಯ. ಅಲ್ಲಿನ ಮಹಿಳಾ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಆಕಾಶದಿಂದ ನೀರನ್ನು ಇಳಿಸಿಕೊಳ್ಳುತ್ತದೆ, ಇನ್ನೊಂದು ಬಿಸಿಲನ್ನು ಕೂಡಿಡುತ್ತದೆ. ಗಂಡಸರು ಇದನ್ನು ಕಂಡು ನಕ್ಕರು. ಶತ್ರು ದಂಡೆತ್ತಿ ಬಂದಾಗ ಅವರ ಸೈನ್ಯ ಸೋತಿತು, ಕೂಡಿಟ್ಟ ಬಿಸಿಲು ಗೆದ್ದಿತು. ಅಂದಿನಿಂದ ಗಂಡಸರು ಒಳಮನೆಯಲ್ಲಿ, ಹೆಂಗಸರು ರಾಜ್ಯಭಾರದಲ್ಲಿ. ಕಚೇರಿಯ ಕೆಲಸವೆಲ್ಲ ಎರಡೇ ಗಂಟೆಗಳಲ್ಲಿ ಮುಗಿಯುತ್ತದೆ—ಚುಟ್ಟಾ ಸೇದುವ ಹೊತ್ತು ಉಳಿಯುವುದರಿಂದ!

ಇಂಥ ಕನಸಿಗೆ ಈ ಶತಮಾನದಲ್ಲಿ ‘ಸೋಲಾರ್‌ಪಂಕ್’ ಎಂಬ ಹೆಸರು ಬಂದಿದೆ. 2012ರಲ್ಲಿ ಬ್ರೆಜಿಲ್ ದೇಶದ ಲೇಖಕರು ಅದೇ ಹೆಸರಿನಲ್ಲಿ ಪೋರ್ಚುಗೀಸ್ ಭಾಷೆಯ ಕಥಾಸಂಕಲನವೊಂದನ್ನು ಹೊರತಂದರು. ಸೋಲಾರ್ ಎಂದರೆ ಸೂರ್ಯನದು. ಪಂಕ್ ಎಂಬುದು 1970ರ ದಶಕದಲ್ಲಿ ದೊಡ್ಡವರ ಶಿಷ್ಟಾಚಾರಕ್ಕೆ ಸೆಡ್ಡು ಹೊಡೆದ ಪಶ್ಚಿಮದ ಸಂಗೀತಗಾರರ ಬಿರುದು. ಕನ್ನಡದಲ್ಲಿಯಾದರೋ ಪಂಕವೆಂದರೆ ಕೆಸರು. ಸೂರ್ಯನನ್ನು ಕಂಡು ಅರಳುವ ಪಂಕಜ ಹುಟ್ಟುವುದೂ ಅದರಲ್ಲಿಯೇ. ಆದುದರಿಂದ ಹೆಸರು ಅಷ್ಟೇನೂ ಅಸಂಗತವಲ್ಲ. ನಾಳಿನ ಜಗತ್ತು ಬೂದಿಯೂ ಬರಡೂ ಆಗುವುದೆಂದು ಹೆದರಿಸುವ ಕಥೆಗಳಿಗೆ ಇದು ಉತ್ತರ. ಈ ಪಂಥದ ಚಿತ್ರಗಳಲ್ಲಿ ಸೂರುಗಳ ಮೇಲೆ ತೋಟ, ಗುಡ್ಡದ ಮೇಲೆ ಗಾಳಿಯಂತ್ರ, ಬೀದಿಯಲ್ಲಿ ನೆರಳು. ಮುರಿದುದನ್ನು ಎಸೆಯದೆ ರಿಪೇರಿ ಮಾಡುವ, ನೆರೆಹೊರೆಯವರು ಕೂಡಿ ತೀರ್ಮಾನಿಸುವ ಬದುಕು.

ಚಿತ್ರ ಚೆಲುವಾಗಿದೆ. ಆದರೆ ಬಿಸಿಲನ್ನು ಹಿಡಿದ ಮಾತ್ರಕ್ಕೆ ಅದರ ಫಲ ಎಲ್ಲರ ಎಲೆಗೂ ಬಂದೀತೆ? ಪಾವಗಡದ ಬರದ ನೆಲದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವಿದೆ. ರೈತರಿಂದ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು, ವರ್ಷವರ್ಷವೂ ಹಣ ಕೊಡುವ ಏರ್ಪಾಡು ಮೆಚ್ಚತಕ್ಕದ್ದೇ. ಮಳೆಯನ್ನು ನಂಬಿ ಕೆಟ್ಟವರಿಗೆ ಬಿಸಿಲು ಅನ್ನ ಕೊಟ್ಟಿತು. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕುಯ್ಲು ಮಾಡಿ ಹೊಟ್ಟೆ ಹೊರೆಯುತ್ತಿದ್ದ, ಸ್ವಂತ ಭೂಮಿಯಿಲ್ಲದ ಹೆಂಗಸಿಗೆ ಯಾವ ಗುತ್ತಿಗೆಯ ಹಣ? ಸೂರ್ಯ ಎಲ್ಲರಿಗೂ ಒಬ್ಬನೇ. ಅವನನ್ನು ಬರಮಾಡಿಕೊಳ್ಳುವ ನೆಲ ಮಾತ್ರ ಎಲ್ಲರಿಗೂ ಇಲ್ಲ. ಸೋಲಾರ್‌ಪಂಕ್ ಬರಿಯ ಚಿತ್ರಕಲೆಯಾಗಿ ಉಳಿಯದೆ ರಾಜಕೀಯವೂ ಆಗುವುದು ಈ ಪ್ರಶ್ನೆಯನ್ನು ಕೇಳಿದಾಗಲೇ.

ರೊಕೆಯಾ ಅದನ್ನು ಮೊದಲೇ ಕೇಳಿದ್ದರು. ಅವರ ಕಥೆಯಲ್ಲಿ ಯಂತ್ರವೇ ನಾಯಕನಲ್ಲ. ಯಂತ್ರ ಯಾರ ಕೈಯಲ್ಲಿದೆ, ಉಳಿದ ಹೊತ್ತು ಯಾರ ಪಾಲಿಗೆ ಬಂತು ಎಂಬುದೇ ಕಥೆಯ ತಿರುಳು. ಬಿಸಿಲನ್ನು ಆಳುವ ವಿದ್ಯೆ ಹೆಂಗಸರಿಗೆ ದಕ್ಕಬೇಕಾದರೆ ಮೊದಲು ಅಕ್ಷರ ದಕ್ಕಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು. ಗಂಡನನ್ನು ಕಳೆದುಕೊಂಡ ಮೇಲೆ, 1911ರಲ್ಲಿ, ಕಲ್ಕತ್ತೆಯಲ್ಲಿ ಬೆರಳೆಣಿಕೆಯ ಹುಡುಗಿಯರನ್ನು ಸೇರಿಸಿ ಅವರ ಹೆಸರಿನಲ್ಲಿ ಶಾಲೆ ತೆರೆದರು; 1932ರಲ್ಲಿ ಕಣ್ಣುಮುಚ್ಚುವವರೆಗೂ ಮನೆಮನೆಯ ಬಾಗಿಲು ತಟ್ಟಿ ಅದನ್ನು ನಡೆಸಿದರು. ಕನಸಿನ ರಾಜ್ಯ ಇನ್ನೂ ಬಂದಿಲ್ಲ. ಶಾಲೆ ಇಂದಿಗೂ ನಡೆಯುತ್ತಿದೆ.