ಸಲ್ಲದ ನಾಲ್ಕಾಣೆ

ಕಳೆದ ತಿಂಗಳು ಒಂದು ಭಾನುವಾರ ಅನಕಾಪಲ್ಲಿಗೆ ಹೋಗಿದ್ದೆ. ವಿಶಾಖಪಟ್ಟಣದ ನಮ್ಮ ಮನೆಯಿಂದ ಸುಮಾರು 35 ಕಿ.ಮೀ. ಬೆಲ್ಲ ತರೋಕೆ ಹೋಗಿದ್ರಾ ಅಂತ ಕೇಳಬೇಡಿ! ಅನಕಾಪಲ್ಲಿ ಅಂದ್ರೆ ಬೆಲ್ಲ ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಅದೂ ಒಂದು. ಮಂಡ್ಯ ಕಡೆಯವನಾದ ನಾನು ನಮ್ಮ ಅಚ್ಚು ಬೆಲ್ಲದ ಮುಂದೆ ಇದೇನು ಮಹಾ ಅಂತ ಮೂವತ್ತು ವರ್ಷದಿಂದ ವಾದ ಮಾಡ್ತಾ, ಅದನ್ನೇ ತಿಂತಾ ಇದೀನಿ. ಇರಲಿ, ಈ ಸಲ ಹೋಗಿದ್ದು ಹಳೇ ನಾಣ್ಯ ನೋಡೋಕೆ.

ನಮ್ಮ ಜೊತೆ ಕೆಲಸ ಮಾಡಿ ರಿಟೈರ್ ಆದ ತೆಲುಗು ಮಿತ್ರರೊಬ್ಬರು ಫೋನ್ ಮಾಡಿದ್ದರು. ಅವರು ಓದಿದ ಶಾಲೆಯಲ್ಲಿ ಲೈಬ್ರರಿ ಕೋಣೆ ಸೋರುತ್ತಂತೆ. ರಿಪೇರಿಗೆ ದುಡ್ಡು ಸೇರಿಸಲು ನಾಣ್ಯ, ಅಂಚೆಚೀಟಿ, ಕಾರ್ಡು ಸಂಗ್ರಹಿಸುವವರನ್ನೆಲ್ಲ ಕರೆದು ಒಂದು ದಿನದ ಮೇಳ ಇಟ್ಟಿದ್ದರು. ಪ್ರವೇಶಕ್ಕೆ 20 ರೂಪಾಯಿ, ಟೇಬಲ್ ಹಾಕಿದವರ ಮಾರಾಟದಲ್ಲಿ ಅರ್ಧ ಶಾಲೆಗೆ. "ನೀವು ಬ್ಯಾಂಕಿನವರು, ನಾಣ್ಯ ನೋಡೋಕೆ ನೀವಲ್ಲದೆ ಇನ್ಯಾರು ಬರ್ತಾರೆ?" ಅಂದರು. ನಮ್ಮಾಕೆ ಮಾತ್ರ, "ವಾರವೆಲ್ಲ ದುಡ್ಡು ಎಣಿಸಿದ್ದು ಸಾಲದಾ?" ಅಂದಳು.

ಬಾಗಿಲಲ್ಲೇ ಹುಡುಗರ ಗುಂಪು. ಪೋಕೆಮಾನ್ ಕಾರ್ಡುಗಳ ವಿನಿಮಯ ಜೋರಾಗಿ ನಡೆದಿತ್ತು. ಹೊಳೆಯುವ ಒಂದು ಕಾರ್ಡಿಗೆ ಮಾಮೂಲಿ ಕಾರ್ಡು ಎಂಟು! ಈ ರೇಟು ಯಾರು ನಿಗದಿ ಮಾಡ್ತಾರೋ, ರಿಸರ್ವ್ ಬ್ಯಾಂಕಂತೂ ಅಲ್ಲ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನು ಹೀಗೇ ಅದಲು ಬದಲು ಮಾಡ್ತಿದ್ವಿ. ವಿಮ್ಕೋದ ಹಡಗಿನ ಚಿತ್ರ ಎಲ್ಲರ ಹತ್ತಿರವೂ ಇರುತ್ತಿದ್ದರಿಂದ ಅದಕ್ಕೆ ಕಿಮ್ಮತ್ತಿಲ್ಲ. ಆಮೇಲೆ ನನ್ನ ತಮ್ಮನ ಕಾಲಕ್ಕೆ ಬಿಗ್ ಫನ್ ಬಬಲ್‌ಗಮ್ ಬಂತು. ಒಳಗಿನ ಚೀಟಿಯಲ್ಲಿ ರನ್ನು, ವಿಕೆಟ್ಟು. ಅವನ ಹಲ್ಲು ಹಾಳಾಗಿದ್ದು ಕ್ರಿಕೆಟ್ಟಿನಿಂದ ಅಂತ ಅಮ್ಮ ಈಗಲೂ ಹೇಳ್ತಾಳೆ.

ಒಳಗೆ ಗೋಡೆಯ ಮೇಲೆ ಮಕ್ಕಳೇ ಬರೆದ ಚಾರ್ಟು. ಊರ ಪಕ್ಕದ ಶಂಕರಂ ಹಳ್ಳಿಯ ಬೊಜ್ಜನ್ನಕೊಂಡ ಬೌದ್ಧ ನೆಲೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಗೆದಾಗ ಸಿಕ್ಕ ನಾಣ್ಯಗಳ ಪಟ್ಟಿ ಅದು. ಸಮುದ್ರಗುಪ್ತನ ಚಿನ್ನದ ನಾಣ್ಯ, ಶಾತವಾಹನರ ಸೀಸದ ನಾಣ್ಯ, ಜೊತೆಗೆ ಕುಬ್ಜ ವಿಷ್ಣುವರ್ಧನನ ತಾಮ್ರದ ನಾಣ್ಯ. ಯಾರೀ ವಿಷ್ಣುವರ್ಧನ ಅಂತೀರಾ? ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿಯ ಸ್ವಂತ ತಮ್ಮ! ಏಳನೇ ಶತಮಾನದಲ್ಲಿ ಅಣ್ಣ ಕಳಿಸಿದ ಅಂತ ವೆಂಗಿಗೆ ಬಂದು ಇಲ್ಲೇ ನೆಲೆ ನಿಂತ. ಅವನ ವಂಶದವರು ಇಲ್ಲಿಯವರೇ ಆಗಿಹೋದರು. ಟ್ರಾನ್ಸ್‌ಫರ್ ಮೇಲೆ ಬಂದು ವಾಪಸ್ ಹೋಗದವರಲ್ಲಿ ನಾನೇ ಮೊದಲಿಗನಲ್ಲ ಅಂತ ಸಮಾಧಾನವಾಯಿತು.

ಗಾಜಿನ ಪೆಟ್ಟಿಗೆಯೊಂದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸೂ ಇತ್ತು. ಆನೆ, ಮೇಲೆ 'ಶ್ರೀ', ಹಿಂದೆ 'ಮಯಿಲಿ ಕಾಸು' ಅಂತ ಕನ್ನಡ ಅಕ್ಷರ. ಅನಕಾಪಲ್ಲಿಯಲ್ಲಿ ಕನ್ನಡ! ಪಕ್ಕದಲ್ಲಿದ್ದವರಿಗೆಲ್ಲ ಓದಿ ಹೇಳಿದೆ. ಅವರು ಕೇಳಿರಲಿಲ್ಲ, ಆದರೂ ಹೇಳಿದೆ.

ಹೀಗೆ ಖುಷಿಯಾಗಿ ಸುತ್ತುತ್ತಾ ಕೊನೆಯ ಟೇಬಲ್ಲಿಗೆ ಬಂದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಸ್ಟೀಲ್ ತಟ್ಟೆಯಲ್ಲಿ ನಾಲ್ಕಾಣೆ ರಾಶಿ ಹಾಕಿಕೊಂಡು ಕೂತಿದ್ದ. 1988ರಿಂದ ಬಂದ ಘೇಂಡಾಮೃಗದ ಚಿತ್ರದ ನಾಣ್ಯ, ನೀವೂ ನೋಡಿರ್ತೀರಿ. ಒಂದಕ್ಕೆ ಹತ್ತು ರೂಪಾಯಿ ಅಂತ ಚೀಟಿ. ಅಲ್ಲಿ ನನ್ನ ಕಾಲು ನಿಂತಿತು.

ಕಾರಣ ಹೇಳ್ತೀನಿ. 2011ರಲ್ಲಿ ನಾನು ಇದೇ ಅನಕಾಪಲ್ಲಿಯ ಒಂದು ಶಾಖೆಯಲ್ಲಿದ್ದೆ. ಊರು ಆಗಿನ್ನೂ ವಿಶಾಖಪಟ್ಟಣ ಜಿಲ್ಲೆಗೆ ಸೇರಿತ್ತು, 2022ರಲ್ಲಿ ಬೇರೆ ಜಿಲ್ಲೆಯಾಯಿತು. ಆ ವರ್ಷ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ರದ್ದಾಯಿತು. ಸಣ್ಣ ನಾಣ್ಯದ ಡಿಪೋ ಇರುವ ಶಾಖೆಗಳಲ್ಲಿ 29ರ ಸಂಜೆಯವರೆಗೆ ಬದಲಾಯಿಸಿಕೊಳ್ಳಬಹುದಿತ್ತು. ನೋಟೀಸಿಗೆ ಸಹಿ ಹಾಕಿ ಬೋರ್ಡಿಗೆ ಅಂಟಿಸಿಸಿದವನು ನಾನೇ.

ಜುಲೈ 1ರಂದು ಸೊಪ್ಪು ಮಾರುವ ಮುದುಕಿಯೊಬ್ಬರು ಬಟ್ಟೆಯ ಗಂಟು ತಂದು ನನ್ನ ಟೇಬಲ್ ಮೇಲಿಟ್ಟರು. ಪೂರಾ ನಾಲ್ಕಾಣೆಗಳು. "ನೂರೈವತ್ತು ರೂಪಾಯಿ ಇದೆ ಬಾಬೂ, ಎಣಿಸಿದ್ದೀನಿ" ಅಂದರು. ಅಂದರೆ 600 ನಾಣ್ಯ, ಒಂದೂವರೆ ಕಿಲೋ ಮೇಲೇ ಇರುತ್ತೆ. ಎರಡು ದಿನ ತಡವಾಗಿತ್ತು. ನಾನು, "ಇವಿ ಚೆಲ್ಲವಮ್ಮಾ" ಅಂದೆ.

ಈ ಪದದ್ದೊಂದು ಕಥೆ. ಹೊಸದಾಗಿ ಬಂದಾಗ ಕೌಂಟರಿನಲ್ಲಿ ಯಾರೋ "ಈ ನೋಟು ಚೆಲ್ಲದು" ಅಂದಾಗ, ನೋಟೇನು ಹಾಲೇ ಚೆಲ್ಲೋದಕ್ಕೆ ಅಂತ ಬೆಪ್ಪಾಗಿದ್ದೆ. ಆಮೇಲೆ ತಿಳೀತು, ನಮ್ಮ 'ಸಲ್ಲದು' ಅವರ ಬಾಯಲ್ಲಿ 'ಚೆಲ್ಲದು'. ಅಷ್ಟು ಕಷ್ಟಪಟ್ಟು ಕಲಿತ ಪದವನ್ನು ಆ ದಿನ ಎಷ್ಟು ಸಲೀಸಾಗಿ ಆಡಿಬಿಟ್ಟೆ ನೋಡಿ.

ಆಕೆ ಒಂದು ನಾಣ್ಯ ತೆಗೆದು ತಿರುಗಿಸಿ ತೋರಿಸಿದರು. "ಸಿಂಹದ ಮುದ್ರೆ ಹಾಗೇ ಇದೆಯಲ್ಲ ಬಾಬೂ, ಅಳಿಸಿಲ್ಲವಲ್ಲ." ನನಗೆ ಉತ್ತರ ಹೊಳೆಯಲಿಲ್ಲ. ಬೋರ್ಡಿನ ಕಡೆ ಕೈ ತೋರಿಸಿದೆ. ಆಕೆಗೆ ಓದೋಕೆ ಬರುತ್ತಿರಲಿಲ್ಲ. ಕ್ಯಾಷಿಯರ್ ನಕ್ಕ. ಆಕೆ ಗಂಟು ಕಟ್ಟಿಕೊಂಡು ಹೊರಟುಹೋದರು.

ನಿಯಮದ ಪ್ರಕಾರ ನನ್ನ ತಪ್ಪೇನೂ ಇಲ್ಲ. ಆದರೆ ಜೇಬಿನಲ್ಲಿ ನೂರೈವತ್ತು ರೂಪಾಯಿ ಇರಲಿಲ್ಲವೇ? ಇತ್ತು. ಕೊಡಬೇಕು ಅಂತ ಹೊಳೆದಿದ್ದು ಸಂಜೆ ಬಸ್ಸಿನಲ್ಲಿ. ಆಮೇಲೆ ಹುಡುಕಿದೆ ಅಂತ ಬರೆದರೆ ಸುಳ್ಳಾಗುತ್ತೆ. ಹುಡುಕಲಿಲ್ಲ. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗ ಮಾತ್ರ ಸಾಲಿನಲ್ಲಿದ್ದ ಮುದುಕಿಯರ ಹತ್ತಿರ ನಾನೇ ಎದ್ದು ಹೋಗಿ, ಕೊನೇ ದಿನ ಯಾವುದು ಅಂತ ಬಾಯಲ್ಲಿ ಹೇಳ್ತಿದ್ದೆ. ಎಲ್ಲರೂ ಸಾರ್ ಬಹಳ ಒಳ್ಳೆಯವರು ಅಂದುಕೊಂಡರು.

ಹುಡುಗನನ್ನು ಕೇಳಿದೆ, "ಇಷ್ಟೊಂದು ಎಲ್ಲಿ ಸಿಕ್ತು ಬಾಬೂ?"

"ಗುಜರಿ ಅಂಗಡೀಲಿ ಸಾರ್. ಕಿಲೋ ಲೆಕ್ಕ."

ಆಕೆಯ ಗಂಟೂ ಅಲ್ಲಿಗೇ ಹೋಗಿರಬೇಕು, ಇಲ್ಲದಿದ್ದರೆ ಮನೆಯ ಮೂಲೆಯಲ್ಲೇ ಉಳಿದಿರಬೇಕು. ಹುಡುಗ ಪಾಪ ಉತ್ಸಾಹದಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು, ಇಸವಿಯ ಕೆಳಗಿನ ಗುರುತು ತೋರಿಸಿದ. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರವಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ. ಇಷ್ಟು ವರ್ಷ ಮೂಟೆಗಟ್ಟಲೆ ನಾಣ್ಯ ಕಂಡಿದ್ದೀನಿ, ಒಂದನ್ನೂ ಹೀಗೆ ತಿರುಗಿಸಿ ನೋಡಿರಲಿಲ್ಲ. ನೋಡು ಅಂತ ಆ ಮುದುಕಿ ತೋರಿಸಿದಾಗಲೂ ನೋಡಿರಲಿಲ್ಲ.

ನೂರೈವತ್ತು ರೂಪಾಯಿ ಕೊಟ್ಟೆ. ಹದಿನೈದು ನಾಣ್ಯ ಎಣಿಸಿ ಕೊಟ್ಟ. ಎಪ್ಪತ್ತೈದು ರೂಪಾಯಿ ಲೈಬ್ರರಿ ಸೂರಿಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಕ್ಷರ ಗುಂಡಗಿತ್ತು.

ಮನೆಗೆ ಬಂದಾಗ ನಮ್ಮಾಕೆ, "ಮೂರೂಮುಕ್ಕಾಲು ರೂಪಾಯಿಗೆ ನೂರೈವತ್ತು ಕೊಟ್ಟು ಬಂದ್ರಾ? ನೀವು ಬಿ.ಕಾಂ. ಓದಿದ್ದು ನಿಜವಾ?" ಅಂದಳು. ಮುದುಕಿಯ ವಿಷಯ ಅವತ್ತೇ ಮೊದಲ ಸಲ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಶಾಲೆಗೆ ಇನ್ನೂ ಸ್ವಲ್ಪ ಕಳಿಸಿ" ಅಂದಳು. ಕಳಿಸಿದೆ. ಆದರೂ ಲೆಕ್ಕ ಹೊಂದಲಿಲ್ಲ. ಬ್ಯಾಂಕಿನಲ್ಲಿ ಹೊಂದದ ಎಂಟ್ರಿಗಳನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಇಡ್ತೀವಿ, ಇದೂ ಅಲ್ಲೇ ಇದೆ.

ನಿಮ್ಮ ಮನೆಯ ಡಬ್ಬಿಗಳಲ್ಲೂ ಹಳೇ ಚಿಲ್ಲರೆ ಇರಬಹುದು. ಎಂಟಾಣೆ ಇದ್ದರೆ ಅದು ಇವತ್ತಿಗೂ ಸಲ್ಲುತ್ತೆ, ಅಂಗಡಿಯವರು ಏನೇ ಹೇಳಲಿ. ನಾಲ್ಕಾಣೆ ಇದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಯಾವುದಾದರೂ ಶಾಲೆಯ ಮಕ್ಕಳಿಗೆ ಕೊಡಿ. ತಿರುಗಿಸಿ ನೋಡ್ತಾರೆ.