ಚಳಿಗೆ ಮುಂಚಿನ ಶುಂಠಿ

ನವೆಂಬರ್ 2, 2024, ಶನಿವಾರ. ಜೊಂಜು

ಮನೆ ಯಜಮಾನಿ ಹಲ್ಮೊನಿ (ಅಜ್ಜಿ) ಜೊತೆ ಬೊಂಗ್‌ದೊಂಗ್‌ಗೆ ಹೋಗಿಬಂದೆ. ಜೊಂಜು ಪಕ್ಕದ ವಾನ್‌ಜು ಜಿಲ್ಲೆಯ ಊರು. ಬಸ್ಸಿನಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯಬೇಕು. ಕೊರಿಯಾದಲ್ಲಿ ಶುಂಠಿಗೆ ಹೆಸರಾದ ಜಾಗ. ರಸ್ತೆ ಬದಿಯಲ್ಲಿ ಶುಂಠಿಯನ್ನು ಸೊಪ್ಪು, ದಂಟು, ಮಣ್ಣು ಸಮೇತ ಕಟ್ಟಿ ರಾಶಿ ಹಾಕಿದ್ದರು. ವಾಸನೆಗೆ ಸಾಗರದ ನಮ್ಮ ಕಣ ನೆನಪಾಯಿತು. ಆದರೆ ಲೆಕ್ಕ ಬೇರೆ. ನಮ್ಮಲ್ಲಿ ಡಿಸೆಂಬರ್ ಕಳೆದ ಮೇಲೂ ಗೆಡ್ಡೆ ನೆಲದಲ್ಲೇ ಇರಬಹುದು, ರೇಟು ನೋಡಿಕೊಂಡು ಕಿತ್ತರಾಯಿತು. ಇಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮೊದಲೇ ಎಲ್ಲ ಮೇಲೆ ಬರಬೇಕು. ಏಪ್ರಿಲ್ ಕೊನೆಗೆ ನೆಟ್ಟಿದ್ದಕ್ಕೆ ಆರು ತಿಂಗಳಷ್ಟೇ ಆಯಸ್ಸು.

ಅಜ್ಜಿ ದಪ್ಪ ಗೆಡ್ಡೆಗಳನ್ನು ಮುಟ್ಟಲೂ ಇಲ್ಲ. ಸಣ್ಣ ಬೆರಳಿನವೇ ಬೇಕು, ಖಾರ ಅದರಲ್ಲಿರುವುದು ಅಂದರು. ಒಂದು ಬೆರಳು ಮುರಿದು ಮೂಗಿಗೆ ಹಿಡಿದು, ತಲೆಯಾಡಿಸಿ, ಚೀಲಕ್ಕೆ ತುಂಬಿಸಿಕೊಂಡರು. ಅರ್ಧ ಕಿಮ್ಚಿಗೆ, ಅರ್ಧ ಚಹಾಕ್ಕೆ.

ಈ ಊರಿನ ಹಳೆಯ ಮನೆಗಳಲ್ಲಿ ಒಂದು ಜಾಣತನ ಇದೆ. ಕೊರಿಯಾದ ಹಳೆ ಮನೆಗಳಲ್ಲಿ ಒಲೆಯ ಬಿಸಿ ಹೊಗೆ ಕೋಣೆಯ ನೆಲದಡಿ ಹಾದುಹೋಗಿ ನೆಲ ಬಿಸಿಯಾಗುವುದು, ಅದೇ ಒಂದೋಲ್. ಬೊಂಗ್‌ದೊಂಗ್‌ನವರು ಅದರ ಕೆಳಗೆ ಇನ್ನೊಂದು ಗುಂಡಿ ತೋಡಿ ಬೀಜದ ಶುಂಠಿ ಇಡುತ್ತಿದ್ದರು. ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಶುಂಠಿ ಕೊಳೆಯುತ್ತದೆ, ತೀರಾ ಬೆಚ್ಚಗಾದರೆ ಮೊಳಕೆಯೊಡೆಯುತ್ತದೆ. ನೆಲದಡಿಯಲ್ಲಿ ಎರಡೂ ಆಗುವುದಿಲ್ಲ. ಮೇಲೆ ಮನುಷ್ಯರು, ಕೆಳಗೆ ಶುಂಠಿ, ಇಬ್ಬರಿಗೂ ಒಂದೇ ಸೌದೆ. ಈ ಪದ್ಧತಿಯನ್ನು ಸರ್ಕಾರ 2019ರಲ್ಲಿ ರಾಷ್ಟ್ರೀಯ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ಕೊಳೆರೋಗಕ್ಕೆ ಏನು ಮಾಡ್ತಾರಂತೆ, ಅದು ಕೇಳು" ಅಂದರು.

ನವೆಂಬರ್ 3, ಭಾನುವಾರ

ಇಡೀ ದಿನ ಅಡುಗೆಮನೆ. ಶುಂಠಿ ನೆನೆಹಾಕಿ, ಸಂದಿಯ ಮಣ್ಣು ತೊಳೆದು, ಚಮಚದ ಅಂಚಿನಿಂದ ಸಿಪ್ಪೆ ಹೆರೆದೆವು. ಕತ್ತಿ ಮುಟ್ಟಿದರೆ ಅಜ್ಜಿ ಬೈಯುತ್ತಾರೆ, ಸಿಪ್ಪೆಯ ಜೊತೆ ಒಳಗಿನದೂ ಹೋಗುತ್ತದಂತೆ.

ಎರಡು ಬಗೆ ಮಾಡಿದರು. ಒಂದು ಸುಲಭದ್ದು: ಶುಂಠಿಯನ್ನು ತೆಳ್ಳಗೆ ಬಿಲ್ಲೆ ಕೊಯ್ದು, ತೂಕಕ್ಕೆ ತೂಕ ಸಕ್ಕರೆ ಬೆರೆಸಿ ಗಾಜಿನ ಜಾಡಿಗೆ ತುಂಬಿ, ಬಾಯಿಗೆ ಇನ್ನೊಂದು ಪದರ ಸಕ್ಕರೆ ಮುಚ್ಚುವುದು. ಸಕ್ಕರೆ ಕರಗುವವರೆಗೆ ಹೊರಗೆ, ಆಮೇಲೆ ಫ್ರಿಜ್ಜಿನಲ್ಲಿ.

ಇನ್ನೊಂದು ಹಳೆಯ ಕ್ರಮ. ಶುಂಠಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಪಾತ್ರೆಯಲ್ಲಿ ಅಲುಗಾಡಿಸದೆ ಬಿಟ್ಟರು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಮೇಲೆ ಕಂದು ಬಣ್ಣದ ತಿಳಿ, ತಳದಲ್ಲಿ ಸುಣ್ಣದಷ್ಟು ಬಿಳಿಯ ಗಷ್ಟು. ಅದು ಶುಂಠಿಯ ಪಿಷ್ಟ. ಬೆರಳಲ್ಲಿ ಒತ್ತಿದರೆ ಗಟ್ಟಿ, ಬೆರಳೆತ್ತಿದರೆ ಹರಿಯುತ್ತದೆ. ಅಜ್ಜಿ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಪಾಕ ಕಾಯಿಸಿದರು. ಪಿಷ್ಟ ಉಳಿದರೆ ಪಾಕ ಗಂಜಿಯಂತಾಗಿ ತಳ ಹತ್ತುತ್ತದೆ, ಚಹಾ ಮಬ್ಬಾಗುತ್ತದೆ. ಆ ಬಿಳಿ ಗಷ್ಟನ್ನೂ ಎಸೆಯಲಿಲ್ಲ, ಸಿಹಿತಿಂಡಿಗೆ ಬರುತ್ತದೆಂದು ತಟ್ಟೆಯಲ್ಲಿ ಒಣಹಾಕಿದರು.

ಈ ಸಕ್ಕರೆ ಪಾಕಕ್ಕೆ ಇಲ್ಲಿ ಚಂಗ್ ಅನ್ನುತ್ತಾರೆ. ನನಗನ್ನಿಸಿದ್ದು ಇಷ್ಟು: ನಮ್ಮ ಶುಂಠಿ ಕಷಾಯ ಮೂಗು ಕಟ್ಟಿದ ಮೇಲೆ ನೆನಪಾಗುವ ವಸ್ತು, ಕುದಿಸು, ಕುಡಿ, ಹೊದ್ದು ಮಲಗು. ಇವರದು ಚಳಿಗೆ ಮುಂಚೆ, ಆರೋಗ್ಯವಾಗಿರುವಾಗಲೇ, ಮಾವಿನಮಿಡಿ ಉಪ್ಪಿನಕಾಯಿ ಹಾಕಿದ ಹಾಗೆ ವರ್ಷದ ಕೆಲಸವಾಗಿ ಮಾಡಿಡುವುದು. ಚಹಾ ಎನ್ನುವುದು ಆಮೇಲಿನ ಮಾತು.

ನವೆಂಬರ್ 7, ಗುರುವಾರ

ಇಂದು ಇಪ್‌ದೋಂಗ್, ಇವರ ಪಂಚಾಂಗದಲ್ಲಿ ಚಳಿಗಾಲದ ಮೊದಲ ದಿನ. ಬಿಸಿಲು ಚೆನ್ನಾಗಿತ್ತು.

ನವೆಂಬರ್ 23, ಶನಿವಾರ

ಜಾಡಿ ತೆರೆದೆವು. ಬಿಲ್ಲೆಗಳು ಬಾಡಿ ಕೆಳಗಿಳಿದು, ಪಾಕ ತಿಳಿ ಹಳದಿಯಾಗಿದೆ. ಲೋಟಕ್ಕೆ ಎರಡು ಚಮಚ, ಮೇಲೆ ಬಿಸಿನೀರು, ಹೊರಗೆ ಕೊಂಡರೆ ಅಷ್ಟೇ ಸಿಗುವುದು. ಅಜ್ಜಿಯ ಮನೆಯಲ್ಲಿ ಇನ್ನೂ ಸ್ವಲ್ಪ ಕೆಲಸವಿದೆ. ಒಣಗಿದ ದೇಚು (ನಮ್ಮ ಎಲಚಿಯ ಬಳಗದ ಹಣ್ಣು, ಇದು ಉದ್ದ, ಸಿಹಿ) ಬೀಜ ತೆಗೆದು, ಚಕ್ಕೆಯ ಒಂದು ತುಂಡಿನೊಂದಿಗೆ ನೀರಲ್ಲಿ ನಿಧಾನ ಕುದಿಸಿ, ಆ ಕೆಂಪು ನೀರಿಗೆ ಪಾಕ ಬೆರೆಸುತ್ತಾರೆ. ಇನ್ನೊಂದು ದೇಚುವನ್ನು ಬಿಚ್ಚಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಅಡ್ಡ ಕೊಯ್ದರೆ ಹೂವಿನ ಆಕಾರ. ಅದೊಂದು, ಎರಡು ಮೂರು ಪೈನ್ ಬೀಜ, ಲೋಟದಲ್ಲಿ ತೇಲುತ್ತವೆ. ಅಲಂಕಾರ ಅಂದುಕೊಂಡಿದ್ದೆ. ಪೈನ್ ಬೀಜ ಹಲ್ಲಿಗೆ ಸಿಕ್ಕಾಗ ಅದರ ಎಣ್ಣೆ ಶುಂಠಿಯ ಖಾರವನ್ನು ಒಂದು ಕ್ಷಣ ತಡೆಯುತ್ತದೆ, ಆಮೇಲೆ ಖಾರ ಮತ್ತೆ ಗಂಟಲಿಗೆ ಇಳಿಯುತ್ತದೆ.

ರುಚಿ? ಮೊದಲು ಸಿಹಿ, ಕೊನೆಗೆ ಖಾರ. ಬೇಯಿಸಿದ ಪಾಕದ ಖಾರ ಹಸಿ ಬಿಲ್ಲೆಯದಕ್ಕಿಂತ ಚುರುಕು. ಅದಕ್ಕೆ ಕಾರಣವೂ ಇದೆ: ಕಾದಾಗ ಹಸಿಶುಂಠಿಯ ಜಿಂಜರಾಲ್‌ನಲ್ಲಿ ಒಂದಷ್ಟು, ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ನಮ್ಮ ಒಣಶುಂಠಿಯ ಜೋರೂ ಅದರದ್ದೇ.

ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆ. "ಕಾಳುಮೆಣಸು ಹಾಕಲ್ವಾ? ಬೆಲ್ಲಾನೂ ಇಲ್ಲ? ಹಂಗಾದ್ರೆ ಅದೆಂಥಾ ಕಷಾಯ ಮಾರಾಯ್ತಿ!" ಅಂದರು. ಕಷಾಯ ಅಲ್ಲವಲ್ಲ ಅಮ್ಮ.

ನವೆಂಬರ್ 28, ಗುರುವಾರ

ಸೋಲ್‌ನಲ್ಲಿ ನಿನ್ನೆಯಿಂದ ಭಾರೀ ಹಿಮ, ನವೆಂಬರ್ ತಿಂಗಳ ಹಳೆಯ ದಾಖಲೆ ಮುರಿಯಿತಂತೆ. ಕಚೇರಿಯಲ್ಲಿ ಎಲ್ಲರ ಕೈಯಲ್ಲೂ ಶುಂಠಿ ಪುಡಿಯ ಪೊಟ್ಟಣದ ಚಹಾ. ಸಕ್ಕರೆ ನೀರಿಗೆ ಶುಂಠಿ ತೋರಿಸಿದ ಹಾಗಿದೆ, ಸುಮಾರು.

ಡಿಸೆಂಬರ್ 4, ಬುಧವಾರ

ನಿದ್ದೆಯಿಲ್ಲ. ನಿನ್ನೆ ರಾತ್ರಿ ಹತ್ತೂವರೆ ಹೊತ್ತಿಗೆ ಅಧ್ಯಕ್ಷರು ಟಿವಿಯಲ್ಲಿ ಸೇನಾ ಕಾನೂನು ಘೋಷಿಸಿದರು. ಅಜ್ಜಿ ಬಾಗಿಲು ತಟ್ಟಿ ಕರೆದರು, ಒಬ್ಬರೇ ನೋಡಲಾರೆ ಅಂದರು. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜುನಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ್ದು ಇಲ್ಲಿಂದ ದೂರವಲ್ಲ. ಅವರು ಅದರ ಬಗ್ಗೆ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಕೆಟಲ್ ಮತ್ತೆ ಮತ್ತೆ ಇಟ್ಟೆವು. ರಾತ್ರಿ ಒಂದು ಗಂಟೆಗೆ ಸಂಸತ್ತಿನಲ್ಲಿ ಸೇರಿದ್ದ 190 ಸದಸ್ಯರೂ ಸೇನಾ ಕಾನೂನಿನ ವಿರುದ್ಧ ಮತ ಹಾಕಿದಾಗ ಅಜ್ಜಿ ಲೋಟದ ತಳದ ಶುಂಠಿ ಬಿಲ್ಲೆಯನ್ನು ಚಮಚದಲ್ಲಿ ತೆಗೆದು ಅಗಿದು ನುಂಗಿದರು. ಬೆಳಗಿನ ಜಾವ ಘೋಷಣೆ ವಾಪಸಾಯಿತು. ಹಾಗೇ ಕಚೇರಿಗೆ ಹೋದೆ.

ಡಿಸೆಂಬರ್ 21, ಶನಿವಾರ

ದೋಂಗ್‌ಜಿ, ವರ್ಷದ ದೀರ್ಘ ರಾತ್ರಿ. ಕೆಂಪು ಅವರೆಯಂಥ ಕಾಳಿನ ಗಂಜಿ ಕುಡಿಯುವ ದಿನ. ಅದರ ಮೇಲೆ ಸುಜೊಂಗ್‌ಗ್ವಾ: ಶುಂಠಿ, ಚಕ್ಕೆ ಬೇರೆ ಬೇರೆ ಕುದಿಸಿ ಸೋಸಿ ಬೆರೆಸಿ, ತಣ್ಣಗಾದ ಮೇಲೆ ಒಣಗಿದ ಪರ್ಸಿಮನ್ ಹಣ್ಣು ಬಿಡುವುದು. ಶುಂಠಿಯನ್ನು ಈ ಚಳಿಯಲ್ಲಿ ತಣ್ಣಗೆ ಕುಡಿಯುವುದು ನನಗೆ ಇನ್ನೂ ಒಗ್ಗಿಲ್ಲ.

ಜನವರಿ 12, 2025, ಭಾನುವಾರ

ಅಕ್ಕ ಮೆಸೇಜು ಹಾಕಿ ಅಳತೆ ಕೇಳಿದಳು. ಬರೆದು ಕಳಿಸಿದೆ: ತೂಕಕ್ಕೆ ತೂಕ ಸಕ್ಕರೆ, ಬೇಯಿಸುವುದಾದರೆ ಪಿಷ್ಟ ಇಳಿಯುವವರೆಗೆ ಕಾಯಿ, ಒದ್ದೆ ಚಮಚ ಜಾಡಿಗೆ ಹಾಕಬೇಡ, ಗೆಡ್ಡೆ ಸಣ್ಣದು ಆರಿಸು, ನಮ್ಮ ತೋಟದ್ದೇ ಆದರೆ ಇನ್ನೂ ಒಳ್ಳೆಯದು. ಅಪ್ಪನಿಗೆ ಮಾತ್ರ ಕೊಡಬೇಡ, ಲೋಟದಲ್ಲಿ ಅರ್ಧ ಸಕ್ಕರೆಯೇ. ಶುಗರ್ ಇರುವವರಿಗೆ ಒಣಶುಂಠಿ ಕಷಾಯವೇ ಸರಿ.